ಕಾಫಿ ಕಣದಲ್ಲಿ ಶನಿಯ ಸುತ್ತು

ಎಲ್ಲಾ ಶುರುವಾದದ್ದು ಶಾಲೆಯ ಅಂಗಳ ಇಳಿಜಾರಾಗಿದ್ದರಿಂದ. ಚೆಂಡು ಕೈತಪ್ಪಿದರೆ ಕೆಳಗಿನ ಗದ್ದೆಯಿಂದ ಹೆಕ್ಕಿ ತರಬೇಕಾದ ಅಂಗಳದಲ್ಲಿ ಮಕ್ಕಳನ್ನು ಗ್ರಹಗಳಾಗಿಸಿ ಸುತ್ತು ನಡೆಸುವುದು ಹೇಗೆ? ಗಣಿತದ ದೇವೇಂದ್ರ ಮೇಷ್ಟ್ರು ಪಕ್ಕದ ಎಸ್ಟೇಟಿನ ಕಾಫಿ ಒಣಗಿಸುವ ಕಣವನ್ನು ಒಂದು ಗಂಟೆಯ ಮಟ್ಟಿಗೆ ಕೇಳಿ ಪಡೆದರು. ಆ ಗುಡ್ಡಗಳ ನಡುವೆ ಸಮತಟ್ಟು ಜಾಗ ಅಂತ ಇದ್ದದ್ದು ಅದೊಂದೇ.

ಮೇಷ್ಟ್ರಿಗೆ ಅವತ್ತು ಗ್ರಹಗಳಿಗಿಂತ ದೊಡ್ಡ ಚಿಂತೆಯಿತ್ತು. ಮಕ್ಕಳು ಕಡಿಮೆಯಾಗಿ, ಶಾಲೆಗೆ ಒಬ್ಬ ಮೇಷ್ಟ್ರು ಹೆಚ್ಚುವರಿ ಎಂದು ಆದೇಶ ಬಂದಿತ್ತು. ಬೇರೆ ಶಾಲೆಗೆ ಹೋಗಬೇಕಾದವರು ಯಾರೆಂದು ತೀರ್ಮಾನಿಸಲು ಅಧಿಕಾರಿಗಳು ಪಾಠ ನೋಡಲು ಬರುವವರಿದ್ದರು. ಹೆಂಡತಿ ವಾಣಿ ಹಾನುಬಾಳಿನಲ್ಲಿ ನರ್ಸು. ಮದುವೆಯಾಗಿ ಎಂಟು ವರ್ಷ ಅವಳೊಂದು ಜಿಲ್ಲೆ, ಇವರೊಂದು ಜಿಲ್ಲೆ. ಒಂದೇ ಸೂರಿನಡಿ ಸೇರಿ ಈಗಿನ್ನೂ ಎರಡು ವರ್ಷ. ಮೇಷ್ಟ್ರು ದಿನಾ ಹನ್ನೆರಡು ಕಿಲೋಮೀಟರು ಸ್ಕೂಟರಿನಲ್ಲಿ ಬಂದು, ಸಂಜೆ ಮನೆ ಸೇರುತ್ತಿದ್ದರು.

"ಏನಾದ್ರೂ ಮಾಡಿ ಇಲ್ಲೇ ಉಳ್ಕಳ್ರಿ. ಮತ್ತೆ ಫೋನಲ್ಲಿ ಸಂಸಾರ ಮಾಡಕೆ ನನ್ ಕೈಲಿ ಆಗಲ್ಲ," ಎಂದು ಬೆಳಿಗ್ಗೆ ಕಾಫಿ ಕೊಡುವಾಗಲೇ ವಾಣಿ ಹೇಳಿದ್ದಳು.

ಅದಕ್ಕೇ ಈ ಸಾಹಸ. ಮೇಷ್ಟ್ರು ಸುಣ್ಣದ ಪುಡಿಯಲ್ಲಿ ವೃತ್ತ ಎಳೆದು ವಿವರಿಸಿದರು. "ಸೂರ್ಯನಿಂದ ನಾಲ್ಕು ಪಟ್ಟು ದೂರ ಇರೋ ಗ್ರಹಕ್ಕೆ ಒಂದು ಸುತ್ತು ಮುಗಿಸೋಕೆ ನಾಲ್ಕು ಪಟ್ಟು ಕಾಲ ಸಾಲಲ್ಲ, ಎಂಟು ಪಟ್ಟು ಬೇಕು. ದೂರವನ್ನ ಮೂರು ಸಲ ಗುಣಿಸಿ: ನಾಲ್ಕ್ ನಾಲ್ಕ್ಲಿ ಹದಿನಾರು, ಅದನ್ನ ಇನ್ನೊಂದು ನಾಲ್ಕರಿಂದ ಗುಣಿಸಿದ್ರೆ ಅರವತ್ತನಾಲ್ಕು. ಕಾಲವನ್ನ ಎರಡು ಸಲ: ಎಂಟೆಂಟ್ಲಿ ಅರವತ್ತನಾಲ್ಕು. ಎರಡೂ ಸಮ. ದೂರ ಹೋದಷ್ಟೂ ಹಾದಿಯೂ ಉದ್ದ, ನಡಿಗೆಯೂ ನಿಧಾನ."

ಶನಿಯ ನಿಧಾನ ನಡಿಗೆ ಕಷ್ಟದ್ದು. ಅದನ್ನು ಚುರುಕು ಹುಡುಗಿ ಮಾನಸಾಳಿಗೆ ಕೊಟ್ಟರು. ಕಣ ಗುಡಿಸುತ್ತಿದ್ದ ಅವಳ ತಾಯಿ ಕೆಂಚಮ್ಮ ಪೊರಕೆ ಹಿಡಿದೇ ಓಡಿಬಂದಳು.

"ಅಯ್ಯಯ್ಯೋ, ನನ್ ಮಗಳ್ನ ಶನಿ ಮಾಡ್ತೀರಾ? ಗುರು ಮಾಡಿ ಸಾರ್. ಗುರುಬಲ ಬಂದ್ರೆ ಪಾಸಾದ್ರೂ ಆಗ್ತಾಳೆ."

"ಇದು ಲೆಕ್ಕ ಕಣಮ್ಮ, ಜಾತಕ ಅಲ್ಲ."

"ಏನಾದ್ರೂ ಆಗ್ಲಿ, ಶನಿ ಶನೀನೇಯ."

ಅಷ್ಟು ಕೇಳಿದ್ದೇ ತಡ, ಉಳಿದ ಮಕ್ಕಳೂ ಶನಿಯ ಗೆರೆ ಬಿಟ್ಟು ಹಿಂದೆ ಸರಿದವು. ಗುರುವಿನ ಗೆರೆಯ ಮೇಲೆ ನಾಲ್ಕು ಜನ ನೂಕಾಡತೊಡಗಿದರು. ಮೇಷ್ಟ್ರು ಹಣೆ ಚಚ್ಚಿಕೊಂಡು ಮಾನಸಾಳನ್ನು ಭೂಮಿ ಮಾಡಿ, ಶನಿಯ ಪಾತ್ರವನ್ನು ತಾವೇ ವಹಿಸಿದರು.

ಆಟ ಶುರುವಾಯಿತು. ಭೂಮಿ ಮೂರು ಹೆಜ್ಜೆ ಇಟ್ಟರೆ ಶನಿ ಒಂದು. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾದವರಂತೆ ಮೇಷ್ಟ್ರು ಕಣದ ಅಂಚಿನಲ್ಲಿ ಸರಿಯುತ್ತಿದ್ದರು. ಹಾಜರಿ ಬರೆದು, ಕೂಲಿಯವರನ್ನು ಓಡಿಸಿಯೇ ಅಭ್ಯಾಸವಿದ್ದ ಎಸ್ಟೇಟಿನ ರೈಟರ್ ಲಕ್ಕಯ್ಯನಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ.

"ಏನ್ ಮಾರಾಯ್ರೇ, ಹಿಂಗೆ ನಡುದ್ರೆ ನಾವು ಹಣ್ಣು ಹರಡೋದು ಯಾವಾಗ? ಬಿರ್ ಬಿರ್ನೆ ಹೆಜ್ಜೆ ಹಾಕಿ!"

ಅದೇ ಹೊತ್ತಿಗೆ ಗೇಟಿನ ಬಳಿ ಜೀಪು ನಿಂತಿತು. ಅಧಿಕಾರಿಗಳು! ಹಿಂದೆ ಲಕ್ಕಯ್ಯ, ಮುಂದೆ ಅಧಿಕಾರಿಗಳು. ಗಾಬರಿಯಲ್ಲಿ ಶನಿ ಪಂಚೆ ಎತ್ತಿ ಓಡಿತು. ಗುರುವನ್ನು ದಾಟಿತು, ಭೂಮಿಯನ್ನೂ ಮೀರಿಸಿತು.

"ಸಾರ್, ನಿಲ್ಲಿ!" ಮಾನಸಾ ಕೂಗಿದಳು. "ಅಷ್ಟು ದೂರದಲ್ಲಿ ಅಷ್ಟು ಜೋರಾಗಿ ಓಡಿದ್ರೆ ಸೂರ್ಯನ ಕೈ ತಪ್ಪಿ ಹೋಗ್ಬುಡ್ತೀರಾ!"

ಅಧಿಕಾರಿಗಳು ಅವಳನ್ನು ಹತ್ತಿರ ಕರೆದು ಯಾಕೆ ಎಂದು ಕೇಳಿದರು. ಹುಡುಗಿ ನಾಲ್ಕು, ಎಂಟು, ಅರವತ್ತನಾಲ್ಕನ್ನು ಸುಣ್ಣದಲ್ಲಿ ಬರೆದು, ಎಡವದೆ ಹೇಳಿಬಿಟ್ಟಳು. ಪೊರಕೆ ಕೆಳಗಿಟ್ಟು ಕೆಂಚಮ್ಮ ಕಣ್ಣೊರೆಸಿಕೊಂಡಳು. ಮೇಷ್ಟ್ರ ಎದೆಯೂ ತುಂಬಿಬಂತು. ಇನ್ನು ಭಯವಿಲ್ಲ ಅನ್ನಿಸಿತು.

ಅಧಿಕಾರಿಗಳು ಮೇಷ್ಟ್ರ ಕೈ ಕುಲುಕಿದರು. "ಇಪ್ಪತ್ತು ವರ್ಷದಲ್ಲಿ ಇಂಥ ಪಾಠ ನೋಡಿಲ್ಲ ಕಣ್ರೀ. ನಿಮ್ಮಂಥೋರು ಹದಿನೆಂಟು ಮಕ್ಕಳಿಗೆ ಯಾಕೆ? ವನಗೂರಿನ ಆಚೆ ಒಂದು ಶಾಲೇಲಿ ನೂರು ಮಕ್ಕಳಿದ್ದಾರೆ, ಮೂರು ವರ್ಷದಿಂದ ಗಣಿತಕ್ಕೆ ದಿಕ್ಕಿಲ್ಲ. ಸೋಮವಾರವೇ ಅಲ್ಲಿಗೆ ಹೋಗಿ. ದಿನಾ ಓಡಾಡಕ್ಕಾಗಲ್ಲ, ಒಂದು ರೂಮು ಮಾಡ್ಕೊಳ್ಳಿ."

ಜೀಪು ಹೊರಟುಹೋಯಿತು. ಮೇಷ್ಟ್ರು ಶನಿಯ ಗೆರೆಯ ಮೇಲೆ ಹಾಗೆಯೇ ನಿಂತರು. ಕೆಂಚಮ್ಮ ಮಾತ್ರ, "ನಾನು ಬಡ್ಕಂಡೆ, ಯಾರ್ ಕೇಳ್ತಾರೆ," ಎಂದು ಗೊಣಗಿದಳು.

ಮಾನಸಾ ಮೆಲ್ಲಗೆ ಬಂದಳು. "ಸಾರ್, ನಿಮ್ ಮನೆಯಿಂದ ಆ ಶಾಲೆ ಎಷ್ಟು ದೂರ?"

"ನಲವತ್ತೆಂಟು ಕಿಲೋಮೀಟರು."

"ಇಲ್ಲಿಗೆ ಹನ್ನೆರಡು." ಅವಳು ಬೆರಳು ಮಡಿಸಿದಳು. "ನಾಲ್ಕು ಪಟ್ಟು ಸಾರ್," ಎಂದು ತಲೆ ತಗ್ಗಿಸಿದಳು.

ಫೋನು ಬಡಿದುಕೊಂಡಿತು. ವಾಣಿ.

"ಪಾಠ ಹೆಂಗಾಯ್ತು ರೀ?"

"ಬಹಳ ಚೆನ್ನಾಗಾಯ್ತು ಕಣೇ," ಎಂದರು ಮೇಷ್ಟ್ರು. "ಇನ್ಮೇಲೆ ಎಂಟು ದಿನಕ್ಕೊಂದ್ಸಲ ಬರ್ತೀನಿ."