ನಮ್ಮ ಮನೆ ಮುಂದಿನ ಕಲ್ಲುಬೆಂಚನ್ನು ಸೋಮವಾರ ಒಡೆಯಲಿರುವವರಿಗೆ

ಇವರಿಗೆ,
ಒತ್ತುವರಿ ತೆರವು ವಿಭಾಗದ ಮುಖ್ಯಾಧಿಕಾರಿಗಳು,
ಪಟ್ಟಣ ಕಚೇರಿ, ಎರಡನೇ ಮಹಡಿ, ಲಿಫ್ಟ್ ಕೆಟ್ಟಿರುವ ಕಡೆ.

ಮಾನ್ಯರೇ,

ತಮಗೂ, ತಮ್ಮ ಮೇಜಿಗೂ, ಮೇಜಿನ ಮೇಲಿನ ಕಡತಗಳಿಗೂ, ಆ ಕಡತಗಳ ಮೇಲೆ ಯಾರಿಗೂ ತೊಂದರೆ ಕೊಡದೆ ಕುಳಿತಿರುವ ಧೂಳಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ನಾನು ವೃತ್ತಿಯಲ್ಲಿ ಟೈಲರ್, ವಾಸ ಬೀದಿಯ ತಿರುವಿನಲ್ಲಿರುವ ಹಳದಿ ಗೇಟಿನ ಹೊಸ ಮನೆಯಲ್ಲಿ. ಈ ಊರಿನಲ್ಲಿ ಬುದ್ಧಿ ಬಂದಾಗಿನಿಂದ ತಮ್ಮ ಕಚೇರಿಯ ನಿಧಾನವನ್ನು ಕಂಡು ಬೆಳೆದವನು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ದಾರಿದೀಪ ಬೇಕೆಂದು ಕೊಟ್ಟ ಅರ್ಜಿಗೆ ಒಂಬತ್ತು ವರ್ಷ ತುಂಬಿದೆ, ಅರ್ಜಿಗೂ ಬೀದಿಗೂ ಕತ್ತಲೆ ಅಭ್ಯಾಸವಾಗಿದೆ. ಇಂಥ ಭದ್ರವಾದ ಪರಂಪರೆಯುಳ್ಳ ತಾವು ನನ್ನ ಒಂದೇ ಒಂದು ದೂರಿನ ಮೇಲೆ ಐದೇ ವಾರದಲ್ಲಿ ಕ್ರಮ ಕೈಗೊಂಡು ನನ್ನ ಬೆನ್ನಿಗೆ ಚೂರಿ ಹಾಕುತ್ತೀರೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಹೌದು, ನನ್ನ ಮನೆಯ ಕಾಂಪೌಂಡಿನ ಹೊರಗಿರುವ ಕಲ್ಲುಬೆಂಚನ್ನು ಕೂಡಲೇ ಒಡೆದು ಹಾಕಬೇಕೆಂದು ದೂರು ಕೊಟ್ಟವನು ನಾನೇ. ಈಗ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಒಡೆಯುತ್ತೇವೆಂದು ಅದೇ ಬೆಂಚಿಗೆ ನೋಟಿಸು ಅಂಟಿಸಿ ಹೋಗಿದ್ದೀರಿ. ಈ ಪತ್ರದ ಉದ್ದೇಶವಿಷ್ಟೇ: ದಯವಿಟ್ಟು ಒಡೆಯಬೇಡಿ. ಇಷ್ಟು ಹೇಳಿ ಸಹಿ ಹಾಕಬಹುದಿತ್ತು, ಆದರೆ ದೂರು ಕೊಟ್ಟವನೇ ಹೀಗೇಕೆ ಉಲ್ಟಾ ಹೊಡೆಯುತ್ತಿದ್ದಾನೆ ಎಂದು ತಾವು ಕೇಳಿದರೆ ಉತ್ತರ ಕೊಡಬೇಕಾದದ್ದು ನನ್ನ ಧರ್ಮ.

ಮಾನ್ಯರೇ, ನಾನು ಮತ್ತು ನನ್ನಾಕೆ ಇಪ್ಪತ್ತೆರಡು ವರ್ಷಗಳಲ್ಲಿ ಹನ್ನೊಂದು ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದವರು. ಒಂದು ಮನೆಯಲ್ಲಿ ನಾವು ಸ್ನಾನಕ್ಕೆ ಇಳಿದರೆ ಮೇಲಿನ ಮಹಡಿಯ ಮಾಲೀಕರು ನೀರು ನಿಲ್ಲಿಸಿಬಿಡುತ್ತಿದ್ದರು. ಇನ್ನೊಂದರಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲವಾದ್ದರಿಂದ ನಮ್ಮ ಮದುವೆಯ ಫೋಟೋ ನಾಲ್ಕು ವರ್ಷ ಹಾಸಿಗೆಯ ಕೆಳಗೆ ಮಲಗಿತ್ತು. ಮತ್ತೊಂದು ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಆಗದೆಂದು ಅದರ ಕಾಲಿಗೆ ನಾಲ್ಕು ಚಪ್ಪಲಿ ತೊಡಿಸಿದ್ದೆ. ಹಾಗಾಗಿ ನಮ್ಮದೇ ಮನೆ ಎದ್ದು ನಿಂತಾಗ ನಮಗೆ ಬಂದ ಹುಚ್ಚನ್ನು ತಾವು ಕ್ಷಮಿಸಬೇಕು. ಮೊದಲ ದಿನ ನಾನು ಎಲ್ಲ ಸ್ವಿಚ್ಚುಗಳನ್ನೂ ಒಂದು ಸುತ್ತು ಹಾಕಿ ಆರಿಸಿದೆ, ಆಮೇಲೆ ಆಕೆಗೆ ತೋರಿಸಲೆಂದು ಇನ್ನೊಂದು ಸುತ್ತು. ನನ್ನಾಕೆ ಅಡುಗೆಮನೆಯ ಕಪಾಟಿನ ಬಾಗಿಲನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಅದು ಕಿರುಗುಟ್ಟುವುದಿಲ್ಲವೆಂದು ಅತ್ತಳು. ಬಿಸಿನೀರು ನಲ್ಲಿ ತಿರುಗಿಸಿದ ಕೂಡಲೇ ಬರುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ಮೊಳೆಯಂತೂ ಹದಿನಾಲ್ಕು ಹೊಡೆದೆ, ತೂಗುಹಾಕಲು ಇದ್ದದ್ದು ಮೂರೇ ವಸ್ತು.

ಈ ಸುಖಕ್ಕೆಲ್ಲ ಕಳಶವಿಟ್ಟಂತೆ ನಾನು ನಕ್ಷೆಯಲ್ಲಿ ಒಂದು ಕಲ್ಲುಬೆಂಚನ್ನು ಬರೆಸಿದ್ದೆ. ಮುಂದಿನ ಕೋಣೆಯ ಕಿಟಕಿಯ ಎದುರು, ಕಾಂಪೌಂಡಿನ ಒಳಗೆ, ನಾನು ಒಬ್ಬನೇ ಸಂಜೆ ಕುಳಿತು ಯಾರ ಮುಖವನ್ನೂ ನೋಡದೆ ಚಹಾ ಕುಡಿಯುವ ಸಲುವಾಗಿ. ಇಪ್ಪತ್ತೆರಡು ವರ್ಷ ಕಂಡವರ ಕಣ್ಣೆದುರು ಬದುಕಿದವನಿಗೆ ಈ ಆಸೆ ಹೆಚ್ಚೇನಲ್ಲ. ಆದರೆ ನಮ್ಮ ಮೇಸ್ತ್ರಿ ಚಪ್ಪಡಿ ಉಳಿದಿದೆಯೆಂದು ಗೋಡೆಗಿಂತ ಮೊದಲೇ ಬೆಂಚು ಕಟ್ಟಿ ಮುಗಿಸಿದ. ಗೋಡೆಗೆ ದಾರ ಹಿಡಿಯುವ ದಿನ ನನ್ನ ನಿವೇಶನದ ಗಡಿಯುದ್ದಕ್ಕೂ ಮರಳಿನ ರಾಶಿ ಬಿದ್ದಿತ್ತು. ರಾಶಿಯನ್ನು ಸರಿಸುವ ಬದಲು ಆ ಪುಣ್ಯಾತ್ಮ ದಾರವನ್ನೇ ಎರಡಡಿ ಒಳಕ್ಕೆ ಸರಿಸಿದ. ನಾನು ಹಳೆಯ ಅಂಗಡಿಯ ಬಟ್ಟೆಗಳನ್ನೆಲ್ಲ ಹೊಲಿದು ಮುಗಿಸಿ ನಾಲ್ಕು ದಿನ ಬಿಟ್ಟು ಬಂದು ನೋಡಿದರೆ ಗೋಡೆ ಸೊಂಟದೆತ್ತರಕ್ಕೆ ಎದ್ದಿದೆ, ಬೆಂಚು ರಸ್ತೆಯ ಕಡೆ ಮುಖ ಮಾಡಿ ಹೊರಗೆ ಕುಳಿತಿದೆ. ಕೇಳಿದರೆ, "ಬೆಂಚು ಎಲ್ಲಿಗೂ ಹೋಗಿಲ್ಲವಲ್ಲ ಸಾರ್, ಗೋಡೆ ಮಾತ್ರ ಸ್ವಲ್ಪ ಒಳಗೆ ಬಂದಿದೆ" ಎಂದು ಸಮಾಧಾನ ಹೇಳಿ ಹೋದವನು ಈವರೆಗೆ ನನ್ನ ಫೋನು ಎತ್ತಿಲ್ಲ.

ಗೃಹಪ್ರವೇಶ ಮಾಡಿದ್ದು ನಾವು, ಆದರೆ ಬೆಂಚಿಗೆ ಬೀದಿಯವರು ನಮಗಿಂತ ಒಂದು ದಿನ ಮೊದಲೇ ಬಂದಿದ್ದರು. ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯ ವ್ಯಾನಿಗಾಗಿ ಕಾಯುವ ನರ್ಸಮ್ಮ, ಎಂಟಕ್ಕೆ ಪತ್ರಿಕೆಯೊಂದಿಗೆ ಮೇಷ್ಟ್ರು, ಹತ್ತಕ್ಕೆ ಎದುರುಮನೆಯ ಅಜ್ಜಿ, ಸಂಜೆಗೆ ಇವರೆಲ್ಲರೂ ಒಟ್ಟಿಗೆ, ಜೊತೆಗೆ ಕಡಲೆಕಾಯಿ. ಬೆಂಚಿಗೂ ನನ್ನ ಕಿಟಕಿಗೂ ನಡುವೆ ಇರುವುದು ಆ ಕುಳ್ಳ ಗೋಡೆ ಮಾತ್ರ. ನಾನು ಕಿಟಕಿಯ ಪಕ್ಕ ಶರ್ಟು ಹೊಲಿಯುತ್ತಿದ್ದರೆ ಮೇಷ್ಟ್ರು ಹಿಂದಕ್ಕೆ ತಿರುಗಿ ಕನ್ನಡಕ ಏರಿಸಿ, "ಕಾಲರು ಎಡಕ್ಕೆ ಸ್ವಲ್ಪ ಎಳೀತಿದೆಯಲ್ಲಾ" ಎನ್ನುವರು. ನನ್ನಾಕೆ ಒಳಗಿನಿಂದ ಕತ್ತರಿ ಎಲ್ಲಿ ಎಂದು ನನ್ನನ್ನು ಕೇಳಿದರೆ, "ಫ್ರಿಜ್ ಮೇಲಿದೆ ನೋಡಮ್ಮಾ" ಎಂಬ ಉತ್ತರ ಬೆಂಚಿನಿಂದ ಬರುವುದು. ಕತ್ತರಿ ಅಲ್ಲೇ ಇರುತ್ತಿತ್ತು ಎಂಬುದು ನನ್ನ ಪಿತ್ತವನ್ನು ಇನ್ನಷ್ಟು ಕೆರಳಿಸುತ್ತಿತ್ತು. ಒಂಬತ್ತು ದಿನ ಹಲ್ಲು ಕಚ್ಚಿ ಸಹಿಸಿದೆ. ಹತ್ತನೆಯ ದಿನ ಮಧ್ಯಾಹ್ನ ಬೆಂಚು ಖಾಲಿಯಿದ್ದಾಗ ನನ್ನ ಟೇಪು ಹಿಡಿದು ಹೊರಗೆ ಹೋಗಿ ಅದರ ಅಳತೆ ತೆಗೆದುಕೊಂಡು, ತಮ್ಮ ಕಚೇರಿಯ ನಮೂನೆಯನ್ನು ನನ್ನ ಕೈಯಾರೆ ತುಂಬಿ, ಯಾರೋ ಅಪರಿಚಿತರು ಸಾರ್ವಜನಿಕ ರಸ್ತೆಯ ಮೇಲೆ ಈ ಬೆಂಚನ್ನು ಕಟ್ಟಿದ್ದಾರೆಂದು ಬರೆದು, ದೂರುದಾರರ ಹೆಸರನ್ನು ಗುಟ್ಟಾಗಿಡಲಾಗುವುದು ಎಂಬ ತಮ್ಮ ಮುದ್ರಿತ ಭರವಸೆಯ ಕೆಳಗೆ ನಿಶ್ಚಿಂತೆಯಿಂದ ಸಹಿ ಹಾಕಿದೆ. ಅದು ಹಸಿ ಸುಳ್ಳು. ಅಪರಿಚಿತ ಯಾರೂ ಇಲ್ಲ, ಬೆಂಚು ನಿಂತಿರುವ ನೆಲ ನನ್ನದೇ.

ದೂರು ಕೊಟ್ಟು ಮೂರು ದಿನಕ್ಕೆ, ಪ್ಯಾಂಟಿನ ಪಟ್ಟಿ ಹೊಲಿಯುತ್ತಿದ್ದಾಗ, ಯಂತ್ರದ ಸೂಜಿ ನನ್ನ ಎಡಗೈ ತೋರುಬೆರಳಿನ ಉಗುರಿನ ಮೂಲಕ ಒಳಹೊಕ್ಕು ಅಲ್ಲೇ ನಿಂತಿತು. ನನ್ನಾಕೆ ಸಂತೆಗೆ ಹೋಗಿದ್ದಳು. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ, ಆದರೆ ಬಾಯಿ ಮುಚ್ಚುವುದರೊಳಗೆ ನರ್ಸಮ್ಮ ಕಡಲೆಕಾಯಿ ಸಿಪ್ಪೆಯನ್ನು ಮಡಿಲಿನಿಂದ ಕೊಡವುತ್ತಾ ಒಳಗೆ ಬಂದಾಗಿತ್ತು. "ಅಲ್ಲಾಡಬೇಡಿ ಟೈಲರಣ್ಣ, ಪ್ಯಾಂಟು ಯಾರದು ಹೇಳಿ" ಎಂದು ನನ್ನನ್ನು ಮಾತಿಗೆಳೆದು, ನಾನು ಅದು ಬ್ಯಾಂಕಿನ ಮ್ಯಾನೇಜರರದು ಎನ್ನುವಷ್ಟರಲ್ಲಿ ಯಂತ್ರದ ಚಕ್ರವನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸಿ ಸೂಜಿಯನ್ನು ಎತ್ತಿಬಿಟ್ಟಳು. ಮೇಷ್ಟ್ರು ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒರಗಿಸಿಕೊಂಡು ನಿಂತಿದ್ದರು. ಅಜ್ಜಿ ನನ್ನ ಅಡುಗೆಮನೆಗೆ ಹೋಗಿ, ಯಾವ ಡಬ್ಬಿ ಎಲ್ಲಿದೆ ಎಂದು ಒಮ್ಮೆಯೂ ಕೇಳದೆ, ಸಕ್ಕರೆ ಜಾಸ್ತಿ ಹಾಕಿ ಚಹಾ ಮಾಡಿ ತಂದರು. ಅಂದು ನಾನು ಆ ಬೆಂಚಿನ ಮೇಲೆ ಮೊದಲ ಬಾರಿಗೆ ಕುಳಿತೆ, ಬೆರಳಿಗೆ ಕಟ್ಟು ಹಾಕಿಸಿಕೊಳ್ಳುವ ನೆಪದಲ್ಲಿ. ಕಟ್ಟು ಹಾಕಲು ಐದು ನಿಮಿಷ ಸಾಕಾಯಿತು, ನಾನು ಏಳುವಾಗ ಊಟದ ಹೊತ್ತಾಗಿತ್ತು.

ಅಲ್ಲಿಂದ ಮುಂದೆ ನನ್ನ ಅಧಃಪತನ ಬಲುಬೇಗ ಆಯಿತು. ಆ ಅಜ್ಜಿಗೆ ಮಂಡಿನೋವು, ಮನೆಯಿಂದ ಅಂಗಡಿಯವರೆಗೆ ಒಂದೇ ಉಸಿರಿಗೆ ನಡೆಯಲಾರರು. ನಡುವೆ ಕೂರಲು ಜಾಗವಿಲ್ಲದ್ದರಿಂದ ಮೂರು ವರ್ಷದಿಂದ ಅವರು ಅಂಗಡಿಯ ಮುಖ ಕಂಡಿರಲಿಲ್ಲವಂತೆ. ಈಗ ಬೆಂಚಿನ ತನಕ ಒಂದು ಪ್ರಯಾಣ, ಬೆಂಚಿನಿಂದ ಅಂಗಡಿಗೆ ಇನ್ನೊಂದು, ಬರುವಾಗ ಅಂಗಡಿಯವನೊಂದಿಗೆ ಜಗಳ ಮಾಡಿದ ಸಂಪೂರ್ಣ ವರದಿ. ನನ್ನಾಕೆಯ ವಿಷಯವನ್ನಂತೂ ಹೇಗೆ ಹೇಳಲಿ. ಹನ್ನೊಂದು ಮನೆಗಳಲ್ಲಿಯೂ ಆಕೆ ಅಕ್ಕಪಕ್ಕದವರೊಡನೆ ಹೆಚ್ಚು ಬೆರೆತವಳಲ್ಲ. ಹೇಗೂ ಬಿಟ್ಟು ಹೋಗುವವರು, ಸುಮ್ಮನೆ ಯಾಕೆ ಹಚ್ಚಿಕೊಳ್ಳುವುದು ಎನ್ನುತ್ತಿದ್ದಳು. ಕಳೆದ ವಾರ ಅವಳು ಗೋಡೆಯ ಮೇಲೆ ಮೊಣಕೈಯೂರಿ ನರ್ಸಮ್ಮನ ಯಾವುದೋ ಮಾತಿಗೆ ಬಿದ್ದು ಬಿದ್ದು ನಗುವುದನ್ನು ಕಿಟಕಿಯಿಂದ ನೋಡಿದೆ. ಇಪ್ಪತ್ತೆರಡು ವರ್ಷ ಈ ನಗು ಎಲ್ಲಿತ್ತು ಎಂದು ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು. ಆ ಹೊಟ್ಟೆಕಿಚ್ಚು ತಡೆಯಲಾರದೆ ನಾನೂ ಹೋಗಿ ಕುಳಿತೆ.

ಇಷ್ಟೆಲ್ಲ ಆಗುವಾಗ ದೂರು ಕೊಟ್ಟದ್ದನ್ನು ನಾನು ಮರೆತಿದ್ದೆನೆಂದಲ್ಲ. ತಮ್ಮನ್ನು ನಂಬಿದ್ದೆ, ಅಷ್ಟೇ. ಒಂಬತ್ತು ವರ್ಷದ ದಾರಿದೀಪ ನನ್ನ ಧೈರ್ಯವಾಗಿತ್ತು. ಮೊನ್ನೆ ತಮ್ಮ ಸಿಬ್ಬಂದಿ ಬಂದು ಬೆಂಚಿನ ನಟ್ಟನಡುವೆ ನೋಟಿಸು ಅಂಟಿಸಿದರು. ಅದರಲ್ಲಿ ಸೋಮವಾರ ಹತ್ತು ಗಂಟೆ ಎಂಬುದನ್ನು ಓದುವಷ್ಟರಲ್ಲಿ ನನ್ನ ಕಣ್ಣು ಮಂಜಾಯಿತು, ಉಳಿದದ್ದನ್ನು ಓದುವ ಎದೆಗಾರಿಕೆ ಇವತ್ತಿನವರೆಗೂ ಬಂದಿಲ್ಲ. ಬೀದಿಯವರು ಮಾತ್ರ ಮತ್ತೆ ಮತ್ತೆ ಓದಿದರು. ಆಮೇಲೆ ಯಾರು ಈ ದೂರು ಕೊಟ್ಟ ಮಹಾನುಭಾವ ಎಂಬ ವಿಚಾರಣೆ ಶುರುವಾಯಿತು. ಅಜ್ಜಿ ನನ್ನ ಕಡೆ ತಿರುಗಿ, "ಯಾರಿರಬಹುದು ಅಂತೀಯಪ್ಪಾ?" ಎಂದರು. ನಾನು ಕೆಳಗಿನ ಬೀದಿಯವರ ಮೇಲೆ ಗುಮಾನಿ ವ್ಯಕ್ತಪಡಿಸಿದೆ. ನಾಚಿಕೆಯಾಗುತ್ತದೆ ಮಾನ್ಯರೇ, ಆದರೆ ವ್ಯಕ್ತಪಡಿಸಿದೆ. ಕೊನೆಗೆ ಎಲ್ಲರೂ ಸೇರಿ ತಮಗೊಂದು ಬಹಿರಂಗ ಪತ್ರ ಬರೆಯಬೇಕೆಂದೂ, ಅದನ್ನು ಶನಿವಾರ ಸಂಜೆ ಬೆಂಚಿನ ಮೇಲೆ ಗಟ್ಟಿಯಾಗಿ ಓದಿ ಎಲ್ಲರ ಸಹಿ ಹಾಕಿಸಬೇಕೆಂದೂ ತೀರ್ಮಾನಿಸಿದರು. ಬರೆಯುವವನು ನಾನೇ ಆಗಬೇಕೆಂದು ಮೇಷ್ಟ್ರು ಸೂಚಿಸಿದರು, ಒಬ್ಬರೂ ಬೇಡವೆನ್ನಲಿಲ್ಲ.

ಕಳ್ಳನ ಕೈಯಲ್ಲೇ ಕಳ್ಳನನ್ನು ಬೈಯುವ ಪತ್ರ ಬರೆಸಿದ ಈ ಅಮಾಯಕರ ಮುಂದೆ ನಾನು ಇಂದು ಸಂಜೆ ಇದನ್ನು ಓದಬೇಕಾಗಿದೆ. ನನ್ನ ಸುಳ್ಳಿನ ಮಾತೇ ಎತ್ತದ ಇನ್ನೊಂದು ಪತ್ರ ಬರೆಯಲು ಪ್ರಯತ್ನಿಸಿದೆ, ಆಗಲಿಲ್ಲ: ಬೆಂಚು ನನ್ನ ನೆಲದ ಮೇಲಿದೆ ಎಂದು ಸಾಬೀತು ಮಾಡದೆ ಅದು ಉಳಿಯುವುದಿಲ್ಲ, ಅದನ್ನು ಹೇಳಿದರೆ, ನಿವೇಶನದ ಪತ್ರದಲ್ಲೂ ದೂರಿನಲ್ಲೂ ಒಂದೇ ಹೆಸರಿರುವುದರಿಂದ, ದೂರು ಸುಳ್ಳೆಂದು ಒಪ್ಪಿಕೊಳ್ಳದೆ ವಿಧಿಯಿಲ್ಲ. ಓದಿ ಮುಗಿಸಿದ ಮೇಲೆ ಬೆಂಚು ಉಳಿಯಬಹುದು, ಅದರ ಮೇಲೆ ನನಗೆ ಜಾಗ ಉಳಿಯುತ್ತದೆಯೋ ಇಲ್ಲವೋ ತಿಳಿಯದು. ಇರಲಿ. ಅಜ್ಜಿ ಅಂಗಡಿಗೆ ಹೋಗಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ. ನಿವೇಶನದ ಪತ್ರದ ಪ್ರತಿಯನ್ನು ಲಗತ್ತಿಸಿದ್ದೇನೆ. ತಮಗೆ ಅದನ್ನು ಓದುವ ತೊಂದರೆ ಬೇಡವೆನಿಸಿದರೆ, ದಯಮಾಡಿ ನನ್ನ ದೂರಿನ ಕಡತವನ್ನು ಮೇಷ್ಟ್ರ ದಾರಿದೀಪದ ಅರ್ಜಿಯ ಕೆಳಗೆ ಇಟ್ಟುಬಿಡಿ, ಅಲ್ಲಿ ಯಾರೂ ಕೈಯಿಡುವುದಿಲ್ಲ. ಅಥವಾ ಒಡೆಯುವ ಯಂತ್ರದ ಚಾಲಕರಿಗೆ ಸೋಮವಾರ ಸಂಬಳಸಹಿತ ರಜೆ ಕೊಡಿ, ಅವರಿಗೊಂದು ಶರ್ಟು ನಾನೇ ಹೊಲಿದುಕೊಡುತ್ತೇನೆ. ಬಂದವರು ಏನಾದರೊಂದನ್ನು ಒಡೆಯದೆ ಹಿಂದಿರುಗುವಂತಿಲ್ಲ ಎಂಬ ನಿಯಮವಿದ್ದರೆ ಗೋಡೆಯನ್ನು ಒಡೆಯಿರಿ. ಸರಿಯಾದ ಜಾಗದಲ್ಲಿರುವುದು ಬೆಂಚು, ತಪ್ಪು ಜಾಗಕ್ಕೆ ಬಂದು ನಿಂತಿರುವುದು ಗೋಡೆ. ಅದು ಇಲ್ಲದಿದ್ದರೆ ಚಹಾದ ಲೋಟ ದಾಟಿಸಲೂ ಸುಲಭ.

ಇನ್ನೆಂದೂ ದೂರು ಕೊಡಲಾರೆನೆಂದು ಮಾತು ಕೊಡುವ,

ತಮ್ಮ ವಿಶ್ವಾಸಿ,
ಹಳದಿ ಗೇಟಿನ ಟೈಲರ್

ತಾ.ಕ.: ಪತ್ರವನ್ನು ಓದಿದ್ದಾಯಿತು. ಸುಳ್ಳನ್ನು ಒಪ್ಪಿಕೊಳ್ಳುವ ಭಾಗಕ್ಕೆ ಬಂದಾಗ ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದು ಓದಿದೆ, ಆದರೆ ಎದುರಿಗಿದ್ದವರಲ್ಲಿ ಒಬ್ಬರೂ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಮೇಷ್ಟ್ರು ನನ್ನನ್ನು ನೋಟಿಸಿನ ಮುಂದೆ ನಿಲ್ಲಿಸಿ, ನಾನು ಓದದೆ ಬಿಟ್ಟಿದ್ದ ಸಾಲುಗಳನ್ನು ಓದಿಸಿದರು. ನನ್ನ ಹೆಸರನ್ನು ತಾವು ಪ್ರಾಮಾಣಿಕವಾಗಿ ಗುಟ್ಟಾಗಿಟ್ಟಿದ್ದೀರಿ. ಆದರೆ ನಾನು ಅಭ್ಯಾಸಬಲದಿಂದ ಬರೆದಿದ್ದ ಅಳತೆಯನ್ನು ತಮ್ಮ ಕಚೇರಿ ಒಂದಕ್ಷರ ಬಿಡದೆ ಟೈಪು ಮಾಡಿಸಿದೆ: "ಒತ್ತುವರಿಯ ವಿವರ: ಉದ್ದ ಎಪ್ಪತ್ನಾಲ್ಕು, ಸೊಂಟ ಹದಿನೇಳೂವರೆ, ಒಳಗೆ ಒಂದಿಂಚು ಮಡಿಕೆ ಬಿಡುವುದು." ಈ ಬೀದಿಯ ಪ್ರತಿ ಮನೆಯ ಬೀರುವಿನಲ್ಲೂ ಈಗ ನನ್ನ ಅಂಥದೊಂದು ಅಳತೆ ಚೀಟಿಯಿದೆ. "ಅಂಟಿಸಿದ ದಿನವೇ ಗೊತ್ತಾಯ್ತು ಕಣಪ್ಪಾ, ನೀನಾಗೇ ಹೇಳ್ತೀಯೇನೋ ಅಂತ ಬರೆಯೋಕೆ ಕೊಟ್ವಿ" ಎಂದು ಅಜ್ಜಿ ನನಗೆ ಜಾಗ ಬಿಟ್ಟು ಸರಿದು ಕೂತರು. ಸಹಿ ಮಾಡಿದವರು ಒಟ್ಟು ಹದಿನೇಳು ಜನ. ಸೋಮವಾರ ಹತ್ತು ಗಂಟೆಗೆ ಅಷ್ಟೂ ಜನ ಆ ಎಪ್ಪತ್ನಾಲ್ಕು ಇಂಚಿನ ಮೇಲೆ ಹೇಗೋ ಒತ್ತಿಕೊಂಡು ಕುಳಿತಿರುತ್ತೇವೆ. ತಮ್ಮ ಸಿಬ್ಬಂದಿ ಧಾರಾಳವಾಗಿ ಬರಲಿ, ಚಹಾ ಸಿದ್ಧವಿರುತ್ತದೆ. ಕೂರಲು ಮಾತ್ರ ಜಾಗವಿರುವುದಿಲ್ಲ.