ಕೊಯ್ಯದೆ ಹೆಸರು ಹೇಳದ ಭಾವ

ನನ್ನ ಭಾವನಷ್ಟು ಜಿಂಕೆಯ ಹೊಟ್ಟೆಯನ್ನು ಬಲ್ಲವರು ಮ್ಯಾನ್‌ಹೈಮ್ ಸುತ್ತಮುತ್ತ ಇನ್ನೊಬ್ಬರಿಲ್ಲ. ಸ್ವತಃ ಜಿಂಕೆಗೂ ಅಷ್ಟು ಗೊತ್ತಿರಲಿಕ್ಕಿಲ್ಲ! ಅಕ್ಕನ ಗಂಡ, ಉಡುಪಿಯವರು, ಪಶುವೈದ್ಯಕೀಯ ಓದಿ ಇಲ್ಲಿಗೆ ಬಂದವರು. ಬೇಟೆಗಾರರು ಹೊಡೆದ ಕಾಡುಜಿಂಕೆಗಳ ಹೊಟ್ಟೆ ಇವರ ಲ್ಯಾಬಿಗೆ ಬರುತ್ತದೆ. ಅದರ ಒಳಗೋಡೆಗೆ ಕಚ್ಚಿಕೊಂಡಿರುವ ಹುಳುಗಳನ್ನು ಕಿತ್ತು, ಯಾವ ಜಾತಿಯವು ಎಂದು ಹೇಳುವುದು ಉದ್ಯೋಗ. ಜಾತಿ ಕೇಳುವುದು ನಮ್ಮವರಿಗೇನು ಹೊಸ ವಿದ್ಯೆಯೇ? ಅದಕ್ಕೆ ಜರ್ಮನಿಯವರೆಗೆ ಬರಬೇಕಿತ್ತೇ?

ಊರಲ್ಲಿ ನಮ್ಮಮ್ಮ ಮಾತ್ರ, "ಅಳಿಯ ಡಾಕ್ಟ್ರು, ಹೊಟ್ಟೆಯ ಸ್ಪೆಷಲಿಸ್ಟ್" ಎಂದು ಸಾರಿಬಿಟ್ಟಿದ್ದಾಳೆ. ಪೂರ್ತಿ ಸುಳ್ಳೂ ಅಲ್ಲವಲ್ಲ! ಒಮ್ಮೆ ದೂರದ ನೆಂಟರೊಬ್ಬರು ಫೋನು ಮಾಡಿ, "ಊಟ ಆದ ಕೂಡ್ಲೆ ಹೊಟ್ಟೆ ಉಬ್ಬರಿಸ್ತದೆ, ಎಂತ ಮಾಡುದು ಡಾಕ್ಟ್ರೇ?" ಎಂದರು. ಭಾವ ಗಂಭೀರವಾಗಿ ಕೇಳಿದರು:

"ಮೆಲುಕು ಸರಿಯಾಗಿ ಹಾಕ್ತೀರಾ?"

ಆಮೇಲೆ ಆ ಕಡೆಯಿಂದ ಫೋನು ಬಂದಿಲ್ಲ.

ಈ ಹುಳುಗಳು ಚಪ್ಪಟೆ ಹುಳುಗಳ ಕುಲದವು, ಆದರೆ ಚಪ್ಪಟೆ ಅಲ್ಲ! ದಾಳಿಂಬೆ ಕಾಳಿನಂತೆ ದುಂಡಗೆ, ಕೆಂಪಗೆ. ಹೊರಗಿನಿಂದ ಎಲ್ಲ ಜಾತಿಯೂ ಒಂದೇ ತರ. ಉದ್ದಕ್ಕೆ ಸೀಳಿ, ಸೂಕ್ಷ್ಮದರ್ಶಕದಡಿ ಒಳಗಿನ ಸ್ನಾಯು ನೋಡಿದರೇ ಗುರುತು. ಅಷ್ಟೆಲ್ಲ ಯಾರು ಮಾಡುತ್ತಾರೆ? ಲ್ಯಾಬಿನವರು ಅನಾದಿಯಿಂದ ಒಂದೇ ಹೆಸರು ಬರೆದು ಮನೆಗೆ ಹೋಗುತ್ತಿದ್ದರು. ಭಾವ ಮಾತ್ರ ಕೊಯ್ಯದೆ ಹೆಸರು ಹೇಳುವವರಲ್ಲ.

ಎಷ್ಟರಮಟ್ಟಿಗೆ ಎಂದರೆ, ಇದನ್ನು ಕೇಳಿ. ನಮ್ಮವರ ಮನೆಯಲ್ಲಿ ಮೊಸರಿನ ಬಕೆಟ್ ಖಾಲಿಯಾದರೆ ಎಸೆಯುವುದುಂಟೇ? ಅಕ್ಕನ ಫ್ರಿಜ್ಜಿನಲ್ಲಿ ಅಂಥವು ನಾಲ್ಕು. ಬೇಟೆಗಾರರ ಸಭೆಯಲ್ಲಿ ತೋರಿಸಲೆಂದು ಭಾವ ಒಂದರಲ್ಲಿ ಹುಳು ತುಂಬಿಟ್ಟಿದ್ದರು; ಮೊಸರನ್ನಕ್ಕೆಂದು ಅಕ್ಕ ಇನ್ನೊಂದರಲ್ಲಿ ದಾಳಿಂಬೆ ಬಿಡಿಸಿಟ್ಟಿದ್ದಳು. ಭಾವ ಒಯ್ದದ್ದು ಯಾವುದೆಂದು ಹೇಳಬೇಕೇ! ಸಭೆಯಲ್ಲಿ ಮುಚ್ಚಳ ತೆರೆದೊಡನೆ ಹಸಿರು ಟೋಪಿಯ ಅಜ್ಜನೊಬ್ಬ, "ಇದು ಹಣ್ಣಲ್ಲವೇ?" ಎಂದನಂತೆ. ಭಾವ ಸುಮ್ಮನೆ ಒಪ್ಪಿಕೊಂಡರೇ? ಒಂದು ಕಾಳನ್ನು ಚಿಮುಟದಲ್ಲಿ ಎತ್ತಿ, ಉದ್ದಕ್ಕೆ ಸೀಳಿ, ಭೂತಗನ್ನಡಿಯಲ್ಲಿ ನೋಡಿ ಘೋಷಿಸಿದರು: "ಹೌದು, ದಾಳಿಂಬೆ." ಅದೇ ಹೊತ್ತಿಗೆ ಮನೆಯಲ್ಲಿ ಅಕ್ಕ ಇನ್ನೊಂದು ಬಕೆಟ್ ತೆರೆದು ಹೊಡೆದ ಬೊಬ್ಬೆಗೆ ಕೆಳಗಿನ ಮನೆಯ ಜರ್ಮನ್ ಮುದುಕಿ ಓಡಿ ಬಂದಳು.

ನಗಬೇಡಿ, ಈ ಚಟವೇ ಈ ವರ್ಷ ಕುತ್ತಿಗೆಗೆ ಬಂತು. ಭಾವನದು ಎರಡೆರಡು ವರ್ಷದ ಕರಾರು. ಉನ್‌ಬೆಫ್ರಿಸ್ಟೆಟ್, ಅಂದರೆ ಖಾಯಂ ಆದರೆ ಇಲ್ಲೇ ನೆಲೆ ನಿಲ್ಲಬಹುದೆಂದು ಅಕ್ಕ ಆರು ವರ್ಷದಿಂದ ಕಾದಿದ್ದಳು. ಶುಕ್ರವಾರದೊಳಗೆ ಈ ವರ್ಷದ ಹುಳುಗಳ ವರದಿ ಮುಗಿಸಿದರೆ ಖಾಯಂ ಎಂದು ಲ್ಯಾಬಿನ ಮುಖ್ಯಸ್ಥೆ ಹೇಳಿದ್ದಳು. ಆದರೆ ಕೆಲವು ಡಬ್ಬಿಗಳ ಹುಳುಗಳು ಕೊಳೆತು ಹೋಗಿದ್ದವು. ಕೊಯ್ದರೂ ಗುರುತು ಸಿಗಲಿಲ್ಲ.

"ಹಳೆಯ ಹೆಸರನ್ನೇ ಬರೆಯಿರಿ, ಇಲ್ಲದಿದ್ದರೆ ವರದಿ ಮುಗಿದಂತಲ್ಲ. ನಾವು ಯಾವಾಗಲೂ ಹೀಗೇ ಮಾಡಿಕೊಂಡು ಬಂದಿದ್ದೇವೆ" ಎಂದಳು ಮುಖ್ಯಸ್ಥೆ. ಇಲ್ಲಿ ಕಚೇರಿ ಕಟ್ಟುವಾಗ ಇಟ್ಟಿಗೆಗಿಂತ ಮೊದಲು ಈ ವಾಕ್ಯವನ್ನು ಇಡುತ್ತಾರೆಂದು ನನ್ನ ಗುಮಾನಿ. ಜರ್ಮನಿಯಲ್ಲಿ ಬ್ರಹ್ಮಹತ್ಯೆಗಾದರೂ ಪ್ರಾಯಶ್ಚಿತ್ತ ಇದ್ದೀತು, ಅರ್ಜಿಯಲ್ಲಿ ಖಾಲಿ ಜಾಗ ಬಿಟ್ಟವನಿಗಿಲ್ಲ!

"ಒಂದು ಹೆಸ್ರು ಗೀಚಿ ಕೊಟ್ಟುಬಿಡಿ, ನಿಮ್ಮ ದಮ್ಮಯ್ಯ" ಎಂದು ಅಕ್ಕ ವಾರವಿಡೀ ಗೋಗರೆದಳು.

ನಾನೂ ಹೇಳಿದೆ: "ಭಾವ, ಸತ್ತ ಹುಳ ಬಂದು ಜಗಳ ಮಾಡ್ತದಾ?"

"ಮಾಡುದಿಲ್ಲ ಮಾರಾಯ. ಆದ್ರೆ ನಂಗೆ ಗೊತ್ತಿಲ್ವಲ್ಲ!"

ಶುಕ್ರವಾರ ಆ ಡಬ್ಬಿಗಳ ಎದುರಿಗೆಲ್ಲ 'ಗೊತ್ತಿಲ್ಲ' ಎಂದು ಬರೆದು ಕೊಟ್ಟರು. ಕರಾರು ಈ ತಿಂಗಳಿಗೇ ಮುಗಿಯಿತೆಂಬ ಕಾಗದ ಹಿಡಿದು ಸಂಜೆ ಮನೆಗೆ ಬಂದರು. ಅಕ್ಕ ಓದಿ ಮಡಚಿಟ್ಟಳು. ಅಷ್ಟರಲ್ಲಿ ಅಮ್ಮನ ಫೋನು: "ಅಳಿಯಂದ್ರ ಕೆಲಸ ಖಾಯಂ ಆಯ್ತಾ?"

ಅಕ್ಕ ಏನಾದರೂ ಸಬೂಬು ಹೇಳುತ್ತಾಳೆಂದುಕೊಂಡೆ.

"ಇಲ್ಲಮ್ಮ, ಹೋಯ್ತು. ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಬರೀಲಿಕ್ಕೆ ಇವ್ರಿಗೆ ಬರುದಿಲ್ಲ. ಬರುದೂ ಬೇಡ. ಬೇರೆ ಕೆಲಸ ಸಿಗುವವರೆಗೆ ನಾನು ದುಡೀತೇನೆ."

ಭಾವ ಬಾಗಿಲ ಬಳಿ ಒಂದು ಬೂಟು ಬಿಚ್ಚಿ, ಇನ್ನೊಂದರ ದಾರ ಹಿಡಿದು ಹಾಗೇ ಕೂತಿದ್ದರು. ಅಕ್ಕ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದರು:

"ನಿನ್ನಕ್ಕ ಈಗ ಎಂತ ಹೇಳಿದ್ದು?"

ಹೇಳಿದೆ.

"ನೀನು ಸರಿಯಾಗಿ ಕೇಳಿದ್ದು ಹೌದಾ? ಇನ್ನೊಮ್ಮೆ ಹೇಳು."

ನಾನು ಇನ್ನೊಮ್ಮೆ ಹೇಳಿದೆ.