ಕಿರುಚಾಟ: ಮಂಜಪ್ಪ

ನನ್ನ ಮಗಳು ಕವನ ನನಗೊಂದು ಕೂಲಿ ಬಾಕಿ ಉಳಿಸಿಕೊಂಡಿದ್ದಾಳೆ. ದುಡ್ಡಲ್ಲ. ಅವಳ ಆಲ್ಬಮ್ಮಿನ ಮೇಲೆ ‘ಕಿರುಚಾಟ: ಮಂಜಪ್ಪ’ ಎಂದು ಹಾಕುವ ಮಾತಾಗಿತ್ತು. ನಾನು ಕಿರುಚಿದೆ. ಅವಳು ಹಾಕಲಿಲ್ಲ.

ಕವನ ಶಿವಮೊಗ್ಗದ ರವೀಂದ್ರನಗರದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ವಾರವಿಡೀ ಜನರ ರಕ್ತ ತೆಗೆದು, ಭಾನುವಾರ ಭದ್ರಾವತಿ ಕಾಗದನಗರದ ನಮ್ಮ ಮನೆಯ ಹಿಂದಿನ ಕೋಣೆ ಸೇರಿ ಬ್ಲ್ಯಾಕ್ ಮೆಟಲ್ ಎಂಬ ಸಂಗೀತ ಮಾಡುತ್ತಾಳೆ. ಗಿಟಾರು ಅವಳೇ, ಡ್ರಮ್ಮು ಅವಳೇ, ಕೀಬೋರ್ಡೂ ಅವಳೇ. (ಮೂರು ಜನರ ಕೆಲಸವನ್ನು ಒಬ್ಬಳ ತಲೆಗೆ ಕಟ್ಟುವುದಕ್ಕೆ ಯೂನಿಯನ್ ಮನುಷ್ಯನಾದ ನನ್ನ ವಿರೋಧವಿದೆ. ಆದರೆ ಮಾಲೀಕಳೂ ಅವಳೇ. ಧರಣಿ ಯಾರ ಮುಂದೆ ಕೂರುವುದು?) ಹೊಳೆಯ ಮೇಲೆ ಮಂಜು ಕವಿದ ಹಾಗೆ ಸಂಗೀತ ನಿಧಾನವಾಗಿ ಆವರಿಸುತ್ತದೆ. ನಡುವೆ ಯಾರಾದರೂ ಕರುಳು ಕಿತ್ತು ಬರುವಂತೆ ಕಿರುಚಬೇಕು. ಈ ಸಂಗೀತದವರ ರೂಢಿಯಂತೆ ಹೆಣದ ಹಾಗೆ ಕಾಣಲು ಮುಖಕ್ಕೆ ಬಿಳಿ, ಕಪ್ಪು ಬಳಿದುಕೊಂಡು ಫೋಟೋ ತೆಗೆಸುವ ಹೊತ್ತಿಗೆ ಮನೆಯ ವಿಭೂತಿ, ಕಾಡಿಗೆ ಎರಡೂ ಖಾಲಿ.

ಕಿರುಚುವ ಭಾನುವಾರ ಬಂದಾಗ ಕವನಳ ಗಂಟಲು ಕಟ್ಟಿತು.

“ನಾನಿಲ್ವೇನೇ?” ಎಂದೆ. ಫ್ಯಾಕ್ಟರಿ ಗೇಟುಗಳ ಮುಂದೆ ಮೈಕಿಲ್ಲದೆ ಘೋಷಣೆ ಕೂಗಿದ ಗಂಟಲು ಇದು.

“ಘೋಷಣೆ ಅಲ್ಲಪ್ಪ,” ಪಿಸುಗುಟ್ಟಿದಳು. “ಮಾತೇ ಇರಬಾರ್ದು. ಬರೀ ಸಂಕಟ.”

“ಸಂಕಟಕ್ಕೇನು ಬರಗಾಲ? ನಿಮ್ಮಮ್ಮನ್ನ ಕಟ್ಕೊಂಡ್ ಮೇಲೆ...” ಅಡುಗೆಮನೆಯಲ್ಲಿ ಪಾತ್ರೆಯೊಂದು ದಡಾರ್ ಎಂದಿತು. ಉಳಿದ ವಾಕ್ಯ ನುಂಗಿದೆ.

ಸದ್ದು ಹೊರಗೆ ಹೋಗದಿರಲೆಂದು ಕವನ ಗೋಡೆಗೆಲ್ಲ ರಜಾಯಿ ತೂಗುಹಾಕಿದ್ದಳು. ಸೆಖೆ ತಡೆಯದೆ ಕಿಟಕಿಯನ್ನು ನಾನೇ ತೆರೆದೆ. ಮುಷ್ಟಿ ಎತ್ತಿ ಕಿರುಚಿದೆ: “ಆಆಆ!” ನಿಲ್ಲಿಸಿದೆ. ಮತ್ತೆ “ಆಆಆ!” ಮತ್ತೆ ನಿಲ್ಲಿಸಿದೆ.

“ಯಾಕಪ್ಪಾ ನಿಲ್ಲಿಸ್ತೀಯ?”

“ಜನ ತಿರುಗಿ ಕೂಗೋಕೆ ಜಾಗ ಬಿಡ್ಬೇಕಲ್ಲಮ್ಮ.”

“ಇಲ್ಲಿ ಯಾವ ಜನ?”

ಕಿಟಕಿಯಾಚೆಯಿಂದ ಗುಡುಗಿತು: “ಬೇಕೇ ಬೇಕು!”

ನೋಡಿದರೆ ಪಕ್ಕದ ಮನೆಯ ಗಂಗಾಧರಪ್ಪ ಬನಿಯನ್ನಿನಲ್ಲೇ ಕೈ ಎತ್ತಿ ನಿಂತಿದ್ದ. ಹಿಂದೆ ನಮ್ಮ ಬೀದಿಯ ನಿವೃತ್ತರೆಲ್ಲ. ನನ್ನ ಗಂಟಲು ಕೇಳಿದರೆ ಇವರ ಕಾಲು ತಾನಾಗಿ ಹೊರಗೆ ಬರುತ್ತದೆ.

“ಬೇಡಿಕೆ ಏನು ಮಾರಾಯ?”

“ಬೇಡಿಕೆ ಇಲ್ಲ. ಬರೀ ಸಂಕಟ.”

“ಹಂಗಾದ್ರೆ ಟೀ ಆದ್ರೂ ಇದ್ಯಾ?”

“ಏ ಶೇಷಮ್ಮಾ, ಎಲ್ರಿಗೂ ಟೀ ಇಡು!” ಎಂದೆ. ಬಾಯಿಗೆ ಅಂಟಿದ ಅಭ್ಯಾಸ.

ನನ್ನ ಹೆಂಡತಿ ಸೌಟು ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಳು.

“ರೀ.....!”

ಒಂದೇ ಅಕ್ಷರ. ನಾನು ಮಾಡಿದ ಮುಷ್ಕರ, ಕಂಡ ಜೈಲು, ಮನೆಗೆ ಕರೆತಂದ ಸಂಗಾತಿಗಳಿಗೆಲ್ಲ ಅವಳು ಕಾಸಿದ ಟೀ, ಎಲ್ಲವೂ ಅದರೊಳಗಿತ್ತು. ಲಾಠಿಗೂ ಚದುರದ ಜನ ಚದುರಿ ಮನೆ ಸೇರಿದರು.

ರೆಕಾರ್ಡಿಂಗ್ ಇನ್ನೂ ಓಡುತ್ತಲೇ ಇತ್ತು. ಕವನಳ ಕಣ್ಣಲ್ಲಿ ನೀರು. “ಅಮ್ಮಾ, ಒಂದೇ ಟೇಕು! ಸೂಪರ್!”

ಆಲ್ಬಂ ಹೊರಬಂತು. ಅದರ ಮೇಲೆ, ‘ಸಂಗೀತವೆಲ್ಲ: ಕವನ. ಕಿರುಚಾಟ: ಶೇಷಮ್ಮ.’ ಈಗ ಶೇಷಮ್ಮ ಹುರುಳಿಕಾಯಿ ಹೆಚ್ಚುತ್ತಾ ಆಲ್ಬಂ ಹಾಕಿಕೊಂಡು ತನ್ನ ಕಿರುಚಾಟವನ್ನೇ ಕೇಳುತ್ತಾಳೆ. “ಮೂರನೇ ಹಾಡಲ್ಲಿ ಚೆನ್ನಾಗಿ ಬಂದಿದೀನಲ್ವೇನ್ರೀ?” ಬೈಯುವುದಕ್ಕೂ ಅವಳಿಗೀಗ ಪುರುಸೊತ್ತಿಲ್ಲ. ಮನೆಯಲ್ಲಿ ಸುಖವಿದೆ.

“ನನ್ನ ಹೆಸರೆಲ್ಲೇ?” ಎಂದು ಮಗಳನ್ನು ಹಿಡಿದೆ.

“ಕೆಳಗೆ ನೋಡಪ್ಪ.”

ಕನ್ನಡಕ ಏರಿಸಿ ನೋಡಿದೆ. ‘ಮೌನ: ಮಂಜಪ್ಪ.’

ನನ್ನ ಕಿರುಚಾಟವನ್ನೆಲ್ಲ ಕತ್ತರಿಸಿ ಎಸೆದು, ಜನರಿಗೆಂದು ನಾನು ಬಿಟ್ಟಿದ್ದ ಜಾಗಗಳನ್ನು ಮಾತ್ರ ಇಟ್ಟುಕೊಂಡಿದ್ದಾಳೆ. ಗಂಗಾಧರಪ್ಪನ ಗುಡುಗಿಗೂ ಕತ್ತರಿ. “ವಾತಾವರಣ ಇರೋದೇ ಆ ಮೌನದಲ್ಲಿ ಅಪ್ಪಾ,” ಅಂತೆ. ನನ್ನ ಬಾಯಿ ಮುಚ್ಚಿಸಲು ಯಾವ ಪೊಲೀಸಪ್ಪನಿಂದಲೂ ಆಗಿರಲಿಲ್ಲ! (ಕೇಳಲು ಚೆನ್ನಾಗಿದೆ ಎಂಬುದು ಬೇರೆ ಮಾತು. ಅವಳಿಗೆ ಹೇಳಬೇಡಿ.)

ಆದರೆ ನನ್ನ ಬಾಕಿ ಬಿಡುವವನಲ್ಲ ನಾನು. ಮಗಳಿಂದ ಬರದಿದ್ದರೆ ನಿಮ್ಮಿಂದ ವಸೂಲಿ. ಆ ಆಲ್ಬಂ ಕೇಳಿ. ಶೇಷಮ್ಮ ಕಿರುಚಿದ ಮೇಲೆ ಮೌನ ಬರುತ್ತದೆ, ಅದು ನಾನು. ನೀವು ಬಸ್ಸಿನಲ್ಲಿರಿ, ಆಫೀಸಿನಲ್ಲಿರಿ, ಕೈ ಎತ್ತಿ ‘ಬೇಕೇ ಬೇಕು’ ಎನ್ನಬೇಕು. ಜಾಗ ಬಿಟ್ಟಿದ್ದೇನೆ. ಕೂಗ್ತೀರೋ, ಇಲ್ವೋ?